ಮಳೆ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ: ಬೈಪಾಸ್ ಆದವರು ಮಿದುಳನ್ನು ಕಾಯುವ ಬಗೆ

ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಬೆಳಗಾದ ಕೂಡಲೇ ಮಾಡುವ ಒಂದು ಕೆಲಸವಿದೆ. ಅಂಗಳದ ಮಳೆಮಾಪಕವನ್ನು ನೋಡಿ ಹಿಂದಿನ ದಿನ ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ) ಬಿತ್ತೆಂದು ಬರೆದಿಡುವುದು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಮಳೆ ಪುಸ್ತಕಗಳು ಈಗಲೂ ಇವೆ. 2017ರಲ್ಲಿ ಮೈಸೂರಿನಲ್ಲಿ ನನಗೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. ಆಮೇಲಿನ ನಾಲ್ಕು ವರ್ಷ ಮಳೆಯ ಲೆಕ್ಕವನ್ನು ಒಂದು ದಿನವೂ ತಪ್ಪಿಸಲಿಲ್ಲ, ರಕ್ತದೊತ್ತಡದ ಲೆಕ್ಕವನ್ನು ಒಂದು ದಿನವೂ ಬರೆಯಲಿಲ್ಲ.

2021ರ ಫೆಬ್ರವರಿಯಲ್ಲಿ ಕರಿಮೆಣಸು ಕೊಯ್ಯುವಾಗ ಆಳಿಗೆ ಏಣಿಯನ್ನು ಪಕ್ಕದ ಮರಕ್ಕೆ ಸರಿಸಲು ಹೇಳಬೇಕಿತ್ತು. ‘ಏಣಿ’ ಎಂಬ ಮಾತೇ ಬಾಯಿಗೆ ಬರಲಿಲ್ಲ. ಕನ್ನಡದಲ್ಲೂ ಇಲ್ಲ, ಮನೆಮಾತಿನಲ್ಲೂ ಇಲ್ಲ. ಬಲಗೈ ಬೇರೆಯವರದ್ದೇನೋ ಎನ್ನುವಂತೆ ತೂಗಾಡಿತು. ಹತ್ತು ನಿಮಿಷದಲ್ಲಿ ಎಲ್ಲವೂ ಸರಿಹೋಯಿತು. ಬಿಸಿಲಿಗೆ ತಲೆ ತಿರುಗಿರಬೇಕೆಂದುಕೊಂಡು ರಾತ್ರಿ ಊಟದವರೆಗೂ ಯಾರಿಗೂ ಹೇಳಲಿಲ್ಲ. ಅದು ಕಿರು ಪಾರ್ಶ್ವವಾಯು, ದೊಡ್ಡದು ಬರುವ ಮುನ್ನ ಬಾಗಿಲು ತಟ್ಟುವ ಸದ್ದು. ಹಾಗೆ ತಟ್ಟಿದ ಮೇಲಿನ ಎರಡು ದಿನಗಳೇ ಅತಿ ಅಪಾಯದವು ಎಂದು ಮರುದಿನ ವೈದ್ಯರು ಬೈಯುತ್ತಾ ತಿಳಿಸಿದರು. ಆ ಬೈಗುಳ ತಿಂದ ಮೇಲೆ ಕೇಳಿ, ಓದಿ, ನನ್ನ ಮೇಲೆಯೇ ಪ್ರಯೋಗಿಸಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಗುಳಿಗೆಯ ಪ್ರಮಾಣವನ್ನು ಮಾತ್ರ ನಿಮ್ಮ ವೈದ್ಯರೇ ಹೇಳಬೇಕು.

ಮೊದಲು, ಯಾವುದಕ್ಕೆ ಹೆದರಬೇಕೆಂದು ತಿಳಿಯಿರಿ

ಬೈಪಾಸ್ ಆದವರ ಮನೆಗಳಲ್ಲಿ ಒಂದು ಮಾತು ಓಡಾಡುತ್ತದೆ: ‘ಯಂತ್ರದ ಮೇಲೆ ಹಾಕಿದ್ದರು, ಆಮೇಲೆ ತಲೆ ಮೊದಲಿನಂತಿಲ್ಲ.’ ಯಂತ್ರವೆಂದರೆ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವುದು. ಈ ಮಾತಿನಲ್ಲಿ ಅರ್ಧ ನಿಜವಿದೆ. ಶಸ್ತ್ರಚಿಕಿತ್ಸೆಯ ಸುತ್ತಿನ ದಿನಗಳಲ್ಲಿ ನೂರರಲ್ಲಿ ಒಬ್ಬಿಬ್ಬರಿಗೆ ಪಾರ್ಶ್ವವಾಯು ತಗಲುತ್ತದೆ. ಹೃದಯದಿಂದ ಹೊರಡುವ ದೊಡ್ಡ ನಾಳವಾದ ಮಹಾಪಧಮನಿಗೆ ಇಕ್ಕಳ ಹಾಕುವಾಗ ಅದರ ಗೋಡೆಯ ಕೊಬ್ಬಿನ ಚೂರುಗಳು ಮೇಲಕ್ಕೆ ಹಾರುವುದು ಇದಕ್ಕೆ ಒಂದು ಮುಖ್ಯ ಕಾರಣ. ಅದಲ್ಲದೆ ವಯಸ್ಸಾದವರು ಮೊದಲ ಕೆಲವು ದಿನ ಹಗಲು ರಾತ್ರಿ ತಿಳಿಯದೆ, ಇಲ್ಲದವರನ್ನು ಕರೆಯುತ್ತಾ ಗೊಂದಲದಲ್ಲಿರುವುದು ಸಾಮಾನ್ಯ. ನಾನು ತೀವ್ರ ನಿಗಾ ಘಟಕದ ದಾದಿಯನ್ನು ತೋಟದ ರೈಟರ್ ಎಂದು ತಿಳಿದು ಹಾಜರಿ ಪುಸ್ತಕ ಕೇಳಿದ್ದೆನಂತೆ.

2001ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನವೊಂದು ಬಹಳ ಸದ್ದು ಮಾಡಿತು. ಬೈಪಾಸ್ ಆದವರಲ್ಲಿ ಆಸ್ಪತ್ರೆ ಬಿಡುವಾಗ ಶೇ. 53 ಜನರ ನೆನಪು ಮತ್ತು ಗಮನ ಕುಗ್ಗಿತ್ತು. ಆರು ವಾರಕ್ಕೆ ಅದು ಶೇ. 36ಕ್ಕೂ ಆರು ತಿಂಗಳಿಗೆ ಶೇ. 24ಕ್ಕೂ ಇಳಿಯಿತು. ಐದು ವರ್ಷದ ಹೊತ್ತಿಗೆ ಮತ್ತೆ ಶೇ. 42ಕ್ಕೆ ಏರಿತ್ತು. ಎಲ್ಲರೂ ಯಂತ್ರವನ್ನು ದೂರಿದರು. ಆದರೆ ಆ ಅಧ್ಯಯನದಲ್ಲಿ ಹೋಲಿಸಿ ನೋಡಲು ಬೈಪಾಸ್ ಆಗದ ಹೃದ್ರೋಗಿಗಳ ಗುಂಪು ಇರಲಿಲ್ಲ. ಮುಂದೆ ಜಾನ್ಸ್ ಹಾಪ್ಕಿನ್ಸ್‌ನವರು ಅಂಥ ಗುಂಪನ್ನೂ ಜೊತೆಗಿಟ್ಟುಕೊಂಡು ವರ್ಷಗಟ್ಟಲೆ ನೋಡಿದಾಗ, ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ರೀತಿ ಕುಗ್ಗುತ್ತಿದ್ದರು. ಯಂತ್ರವಿಲ್ಲದೆ, ಮಿಡಿಯುವ ಹೃದಯದ ಮೇಲೆಯೇ ಮಾಡುವ ಬೈಪಾಸ್‌ನಿಂದಲೂ ಈ ವಿಷಯದಲ್ಲಿ ನಿರೀಕ್ಷಿಸಿದ ಲಾಭ ಕಾಣಲಿಲ್ಲ.

ಅಂದರೆ ಮೊದಲ ತಿಂಗಳುಗಳ ಮಂಕು ಬಹುಮಂದಿಗೆ ತಾನಾಗಿ ಕಳೆಯುತ್ತದೆ. ವರ್ಷಗಳ ನಂತರ ಬರುವ ಮರೆವಿಗೂ ಪಾರ್ಶ್ವವಾಯುವಿಗೂ ಮೂಲ ಬೇರೆ: ಹೃದಯದ ನಾಳಗಳನ್ನು ಕಟ್ಟಿಸಿದ ರೋಗವೇ ಮಿದುಳಿನ ನಾಳಗಳಲ್ಲೂ ಕೆಲಸ ಮಾಡುತ್ತಿರುತ್ತದೆ. ಶಸ್ತ್ರವೈದ್ಯರು ಹೃದಯಕ್ಕೆ ಹೊಸ ದಾರಿ ಹಾಕಿಕೊಟ್ಟರು. ಮಿದುಳಿಗೆ ಯಾರೂ ಹಾಕಿಲ್ಲ.

ಹೆಜ್ಜೆ 1: ಆಸ್ಪತ್ರೆ ಬಿಡುವ ಮೊದಲು ಮೂರು ಪ್ರಶ್ನೆ

ಬಿಡುಗಡೆಯ ದಿನ ಮನೆಗೆ ಹೊರಡುವ ಅವಸರದಲ್ಲಿ ಕಾಗದಗಳನ್ನು ಯಾರೂ ಓದುವುದಿಲ್ಲ. ಈ ಮೂರನ್ನು ಕೇಳಿ, ಉತ್ತರವನ್ನು ಬಿಡುಗಡೆ ಪತ್ರದಲ್ಲಿ ಬರೆಸಿಕೊಳ್ಳಿ.

ಒಂದು, ಆಸ್ಪತ್ರೆಯಲ್ಲಿದ್ದಾಗ ಹೃದಯದ ತಾಳ ತಪ್ಪಿತ್ತೇ? ಬೈಪಾಸ್ ಆದ ಎರಡರಿಂದ ನಾಲ್ಕನೆಯ ದಿನದೊಳಗೆ ಮೂರು ನಾಲ್ಕು ಜನರಲ್ಲಿ ಒಬ್ಬರಿಗೆ ಏಟ್ರಿಯಲ್ ಫಿಬ್ರಿಲೇಷನ್ ಬರುತ್ತದೆ. ಹೃದಯದ ಮೇಲಿನ ಕೋಣೆಗಳು ಬಡಿಯುವ ಬದಲು ಅದುರುತ್ತವೆ, ನಿಂತ ರಕ್ತ ಹೆಪ್ಪುಗಟ್ಟುತ್ತದೆ, ಹೆಪ್ಪು ಮಿದುಳಿಗೆ ಹೋಗುತ್ತದೆ. ‘ಬಂದಿತ್ತು, ಹೋಯಿತು’ ಎಂದರೆ ಮುಗಿಯಲಿಲ್ಲ, ಹೋದದ್ದು ತಿರುಗಿ ಬರಬಹುದು. ನನಗೆ ಮೂರನೆಯ ದಿನ ಬಂದಿತ್ತು. ಪತ್ರದಲ್ಲಿ ಒಂದೇ ಸಾಲಿತ್ತು, ನಾನು ಅದನ್ನು ಓದಿದ್ದು ನಾಲ್ಕು ವರ್ಷಗಳ ಮೇಲೆ.

ಎರಡು, ಕುತ್ತಿಗೆಯ ನಾಳಗಳ ಡಾಪ್ಲರ್ ಸ್ಕ್ಯಾನ್ ಮಾಡಿದ್ದಾರೆಯೇ, ಎಷ್ಟು ಕಿರಿದಾಗಿವೆ? ಮೂರು, ಯಾವ ಗುಳಿಗೆ ಜೀವನಪೂರ್ತಿ, ಯಾವುದು ಇಷ್ಟು ತಿಂಗಳಿಗೆ ಮಾತ್ರ?

ಹೆಜ್ಜೆ 2: ನಾಡಿ ಮತ್ತು ಒತ್ತಡ

ಇದೇ ನಿಜವಾದ ಕೆಲಸ. ಮಿಕ್ಕದ್ದೆಲ್ಲ ಇದರ ಹಿಂದೆ ಬರುತ್ತದೆ.

ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರವನ್ನು ಕೊಳ್ಳಿ, ಮಣಿಕಟ್ಟಿನದು ಬೇಡ. ಬೆಳಗ್ಗೆ ಗುಳಿಗೆ ನುಂಗುವ ಮೊದಲು, ಮೂತ್ರ ಮಾಡಿ ಬಂದು, ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕಾಲು ನೆಲದ ಮೇಲಿರಲಿ, ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕಿರಲಿ. ಕಾಫಿ ಕುಡಿದು ಅರ್ಧ ಗಂಟೆಯೊಳಗೆ ಅಳೆದರೆ ಲೆಕ್ಕ ತಪ್ಪುತ್ತದೆ. ಕಾಫಿ ಬೆಳೆಯುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ, ಗೊತ್ತು. ಒಂದು ನಿಮಿಷ ಬಿಟ್ಟು ಎರಡು ಸಲ ಅಳೆದು ಎರಡನ್ನೂ ಬರೆಯಿರಿ. ಮೊದಲ ದಿನ ಎರಡೂ ತೋಳುಗಳಲ್ಲಿ ಅಳೆದು ನೋಡಿ. ಮೇಲಿನ ಅಂಕಿಯಲ್ಲಿ 15–20ಕ್ಕಿಂತ ಹೆಚ್ಚು ವ್ಯತ್ಯಾಸ ಮತ್ತೆ ಮತ್ತೆ ಕಂಡರೆ ವೈದ್ಯರಿಗೆ ಹೇಳಿ, ಹೆಚ್ಚಿರುವ ತೋಳಿನಲ್ಲೇ ಅಳೆಯುತ್ತಾ ಹೋಗಿ. ಎದೆಯ ಒಳನಾಳವನ್ನು ಗ್ರಾಫ್ಟ್ ಆಗಿ, ಅಂದರೆ ಹೃದಯಕ್ಕೆ ಹೊಸ ದಾರಿಯಾಗಿ, ಬಳಸಿದವರಿಗೆ ಈ ವ್ಯತ್ಯಾಸ ಮುಖ್ಯ, ಏಕೆಂದರೆ ಆ ನಾಳಕ್ಕೆ ರಕ್ತ ಬರುವುದು ತೋಳಿಗೆ ಹೋಗುವ ದೊಡ್ಡ ನಾಳದಿಂದಲೇ.

ಸಾಮಾನ್ಯವಾಗಿ ಗುರಿ 130/80ರ ಕೆಳಗೆ. ಮೇಲಿನ ಅಂಕಿಯನ್ನು 120ರ ಕೆಳಗೆ ಇಡಲು ಯತ್ನಿಸಿದವರಲ್ಲಿ ನೆನಪಿನ ಲಘು ಕುಸಿತ ಕಡಿಮೆಯೆಂದು 2019ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದು ತೋರಿಸಿತು. ಆದರೆ ಅಂಕಿ ಇಳಿಸುವ ಹಠದಲ್ಲಿ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುವ ಹಾಗೆ ಆಗಬಾರದು. ಹಾಗಾದರೆ ನಿಂತೂ ಒಮ್ಮೆ ಅಳೆದು ಬರೆದುಕೊಂಡು ಹೋಗಿ ತೋರಿಸಿ.

ಇನ್ನು ನಾಡಿ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ, ಇನ್ನೊಂದು ಕೈಯ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಎಷ್ಟು ಎನ್ನುವುದಕ್ಕಿಂತ ಹೇಗೆ ಎನ್ನುವುದನ್ನು ಕೇಳಿಸಿಕೊಳ್ಳಿ. ಮದುವೆಮನೆಯ ವಾಲಗ ಕೇಳಿ ಬೆಳೆದ ನಮಗೆ ತಾಳ ಗೊತ್ತು. ಸರಿಯಾದ ನಾಡಿ ಅಂಥ ಡೋಲು. ಏಟ್ರಿಯಲ್ ಫಿಬ್ರಿಲೇಷನ್‌ನ ನಾಡಿಯೆಂದರೆ ಮದುಮಗನ ಗೆಳೆಯನೊಬ್ಬ ಡೋಲನ್ನು ಕಿತ್ತುಕೊಂಡು ಮನಬಂದಂತೆ ಬಾರಿಸಿದ ಹಾಗೆ. ಒಂದು ಬಡಿತ ತಪ್ಪಿದರೆ ಗಾಬರಿ ಬೇಡ. ನಿಮಿಷವಿಡೀ ಗೊತ್ತುಗುರಿಯಿಲ್ಲದೆ ಬಡಿದರೆ ಅದೇ ದಿನ ಇ.ಸಿ.ಜಿ. ಮಾಡಿಸಿ. ನನ್ನ ತಾಳ ತಪ್ಪುತ್ತಿದ್ದದ್ದು ಬಂದುಹೋಗುವ ಬಗೆಯದು. ಬಡಿತವನ್ನು ದಾಖಲಿಸುವ ಯಂತ್ರವನ್ನು ಒಂದು ದಿನ ಮೈಗೆ ಕಟ್ಟಿದಾಗ ಸಿಗಲಿಲ್ಲ, ಏಳು ದಿನ ಕಟ್ಟಿದ ಮೇಲೆ ಸಿಕ್ಕಿಬಿತ್ತು.

ಒತ್ತಡ, ನಾಡಿ ಬರೆಯುವ ಪುಸ್ತಕವನ್ನು ಮಳೆ ಪುಸ್ತಕದ ಪಕ್ಕದಲ್ಲೇ ಇಟ್ಟಿದ್ದೇನೆ. ಕೈ ಒಂದಕ್ಕೆ ಹೋದರೆ ಇನ್ನೊಂದಕ್ಕೂ ಹೋಗುತ್ತದೆ.

ಹೆಜ್ಜೆ 3: ಗುಳಿಗೆ, ಜಿಗಣೆ, ಏಣಿ

ಕಡಿಮೆ ಪ್ರಮಾಣದ ಆಸ್ಪಿರಿನ್, ಕೊಬ್ಬು ಇಳಿಸುವ ಸ್ಟ್ಯಾಟಿನ್, ಒತ್ತಡದ ಗುಳಿಗೆ: ಇವು ಬೈಪಾಸ್ ಆದ ಬಹುಮಂದಿಗೆ ಕೊನೆಯವರೆಗೆ. ‘ಕೊಲೆಸ್ಟರಾಲ್ ಈಗ ಸರಿಯಿದೆ’ ಎಂದು ಸ್ಟ್ಯಾಟಿನ್ ನಿಲ್ಲಿಸುವವರನ್ನು ನಾಪೋಕ್ಲಿನಿಂದ ಕುಟ್ಟದವರೆಗೆ ನೋಡಿದ್ದೇನೆ. ಸರಿಯಿರುವುದು ಗುಳಿಗೆಯಿಂದ. ಕೆಟ್ಟ ಕೊಲೆಸ್ಟರಾಲ್ 70ರ ಕೆಳಗಿರಬೇಕು, 55ರ ಕೆಳಗೆ ಬೇಕೆನ್ನುವ ವೈದ್ಯರೂ ಅನೇಕರಿದ್ದಾರೆ. ಸ್ಟ್ಯಾಟಿನ್‌ನಿಂದ ಮರೆವು ಬರುತ್ತದೆಂಬ ಭಯಕ್ಕೆ ದೊಡ್ಡ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ವಿರಳವಾಗಿ ಕೆಲವರು ಹಾಗೆ ದೂರುತ್ತಾರೆ, ಅದು ಗುಳಿಗೆ ಬದಲಿಸಿದರೆ ಹೋಗುತ್ತದೆ. ಸಕ್ಕರೆ ಕಾಯಿಲೆಯವರು ಮೂರು ತಿಂಗಳ ಸರಾಸರಿಯನ್ನೂ ಇದೇ ಪುಸ್ತಕದಲ್ಲಿ ಬರೆದಿಡಲಿ.

ಫಿಬ್ರಿಲೇಷನ್ ಇದ್ದವರಿಗೆ ಆಸ್ಪಿರಿನ್ ಸಾಲದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಬೇರೆ ಗುಳಿಗೆ ಬೇಕಾಗಬಹುದು. ಆಗ ಆಸ್ಪಿರಿನ್ ಮುಂದುವರಿಸಬೇಕೇ ಬಿಡಬೇಕೇ ಎನ್ನುವುದನ್ನು ವೈದ್ಯರೇ ಹೇಳಬೇಕು. ಆ ಗುಳಿಗೆ ಶುರುವಾದ ಮೇಲೆ ಕೊಡಗಿನ ಬದುಕು ಸ್ವಲ್ಪ ಬದಲಾಗುತ್ತದೆ.

ಜಿಗಣೆಯ ಜೊಲ್ಲಿನಲ್ಲೂ ಹೆಪ್ಪು ತಡೆಯುವ ಹಿರುಡಿನ್‌ನಂಥ ವಸ್ತುವಿದೆ. ಒಳಗೆ ನಿಮ್ಮ ಗುಳಿಗೆ, ಹೊರಗೆ ಅದರ ಜೊಲ್ಲು. ಕಚ್ಚಿದ ಜಾಗ ಗಂಟೆಗಟ್ಟಲೆ ಒಸರುತ್ತದೆ. ಜೂನ್ ಬಂತೆಂದರೆ ಜಿಗಣೆ ಕಾಲುಚೀಲ ಹಾಕಿ. ಕಚ್ಚಿದರೆ ಶುಭ್ರ ಬಟ್ಟೆಯಿಂದ ಹದಿನೈದು ನಿಮಿಷ ನಡುವೆ ತೆಗೆದು ನೋಡದೆ ಒತ್ತಿ ಹಿಡಿಯಿರಿ.

ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ಪಾಯಸ ತಿಂದ ಮರುದಿನ ಮೂತ್ರ ಕೆಂಪಾಗುತ್ತದೆಂದು ಇಲ್ಲಿನ ಮಕ್ಕಳಿಗೂ ಗೊತ್ತು. ಮೈಸೂರಿನ ವೈದ್ಯರಿಗೆ ಗೊತ್ತಿರಬೇಕೆಂದಿಲ್ಲ. ಹೆಪ್ಪು ತಡೆಯುವ ಗುಳಿಗೆ ತಿನ್ನುವವರಿಗೆ ಕೆಂಪು ಮೂತ್ರ ಎಚ್ಚರಿಕೆಯ ಗಂಟೆ. ಪಾಯಸ ತಿಂದದ್ದು ನೆನಪಿರಲಿ. ತಿನ್ನದೆ ಕೆಂಪಾದರೆ, ತಿಂದ ಮೇಲೆ ಒಂದು ದಿನ ದಾಟಿಯೂ ಬಣ್ಣ ಉಳಿದರೆ, ಅಥವಾ ಮಲ ಡಾಂಬರಿನಂತೆ ಕಪ್ಪಾದರೆ ತಡಮಾಡದೆ ಹೋಗಿ. ಹೆಪ್ಪು ತಡೆಯುವ ಗುಳಿಗೆಗಳಲ್ಲಿ ಒಂದಾದ ವಾರ್ಫರಿನ್ ತಿನ್ನುವವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಕೆಸ, ಸೊಪ್ಪು ಹಿತ್ತಲಿನಲ್ಲಿ ಉಕ್ಕುತ್ತವೆ. ಸೊಪ್ಪು ಬಿಡಬೇಕಿಲ್ಲ, ಆದರೆ ಒಂದು ವಾರ ಬುಟ್ಟಿಗಟ್ಟಲೆ, ಇನ್ನೊಂದು ವಾರ ಏನೂ ಇಲ್ಲ ಎನ್ನುವಂತಾದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ತೋರಿಸುವ ಐ.ಎನ್.ಆರ್. ಅಂಕಿ ಏರಿಳಿಯುತ್ತದೆ.

ಮೆಣಸಿನ ಏಣಿ ಹತ್ತುವುದನ್ನು ನಾನು ಬಿಟ್ಟಿದ್ದೇನೆ. ಈ ಗುಳಿಗೆ ತಿನ್ನುವವರ ತಲೆಗೆ ಪೆಟ್ಟು ಬಿದ್ದರೆ, ಎದ್ದು ಕುಳಿತು ನಗುತ್ತಿದ್ದರೂ ಆಸ್ಪತ್ರೆಗೆ ಹೋಗಬೇಕು.

ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಗುಳಿಗೆಗಳು ಹೃದಯಕ್ಕೂ ಹೊಟ್ಟೆಗೂ ಒತ್ತಡಕ್ಕೂ ಕೆಟ್ಟವು. ಹಲ್ಲು ಕೀಳಿಸಲು ಹೋದಾಗ ಯಾರಾದರೂ ‘ಆಸ್ಪಿರಿನ್ ನಿಲ್ಲಿಸಿ’ ಎಂದರೆ, ಮೊದಲು ನಿಮ್ಮ ಹೃದಯದ ವೈದ್ಯರಿಗೆ ಫೋನ್ ಮಾಡಿ.

2018ರ ಆಗಸ್ಟ್‌ನ ಭೂಕುಸಿತದಲ್ಲಿ ರಸ್ತೆಗಳು ಕಡಿದಾಗ ನಮ್ಮ ಮನೆಯಲ್ಲಿ ಅಕ್ಕಿಯಿತ್ತು, ಸೀಮೆಎಣ್ಣೆಯಿತ್ತು, ನನ್ನ ಗುಳಿಗೆ ಮಾತ್ರ ನಾಲ್ಕು ದಿನಕ್ಕೆ ಮುಗಿಯಿತು. ಮೇ ಕೊನೆಯಲ್ಲಿ ಸೌದೆ ಕೂಡಿಡುವಾಗಲೇ ಎರಡು ತಿಂಗಳ ಗುಳಿಗೆಯನ್ನೂ ಕೂಡಿಡಿ.

ಹೆಜ್ಜೆ 4: ತಟ್ಟೆ ಮತ್ತು ಲೋಟ

ಪಂದಿಕರಿ ಬಿಡಿ ಎಂದು ಕೊಡಗಿನಲ್ಲಿ ಬರೆಯುವುದು ವ್ಯರ್ಥ. ಹಬ್ಬಕ್ಕೆ ತಿನ್ನಿ, ಕೊಬ್ಬಿನ ತುಂಡನ್ನು ಬದಿಗಿಡಿ, ಕಡಂಬುಟ್ಟು (ಅಕ್ಕಿ ಕಡುಬು) ಎರಡಕ್ಕೆ ನಿಲ್ಲಿಸಿ. ನನ್ನ ಅನುಭವದಲ್ಲಿ ನಮ್ಮ ದೊಡ್ಡ ಶತ್ರು ಹಂದಿಯಲ್ಲ, ಉಪ್ಪು. ಒಣಮೀನು, ಉಪ್ಪುನೀರಿನ ಕಣಿಲೆ (ಎಳೆ ಬಿದಿರು), ಮಾವಿನಕಾಯಿ ಉಪ್ಪಿನಕಾಯಿ, ಹಪ್ಪಳ. ದಿನಕ್ಕೆ ಒಟ್ಟು ಐದು ಗ್ರಾಂ, ಒಂದು ಟೀ ಚಮಚೆಗಿಂತ ಕಡಿಮೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮಳೆಗಾಲದ ಒಂದು ಊಟದಲ್ಲೇ ನಾವು ಅದನ್ನು ಮುಗಿಸಿಬಿಡುತ್ತೇವೆ. ನಮ್ಮ ಕಪ್ಪು ಹುಳಿರಸ ಕಾಚಂಪುಳಿ ಇಲ್ಲಿ ನೆರವಾಗುತ್ತದೆ: ಹುಳಿ ಚೆನ್ನಾಗಿದ್ದರೆ ಉಪ್ಪು ಅರ್ಧವಾದರೂ ನಾಲಿಗೆಗೆ ತಿಳಿಯುವುದಿಲ್ಲ.

ಕೈಲ್ ಪೊಳ್ದ್, ಪುತ್ತರಿ ಹಬ್ಬಗಳು, ಮದುವೆ: ಲೋಟ ಬೇಡವೆನ್ನಲು ಧೈರ್ಯ ಬೇಕು. ಒಂದೇ ರಾತ್ರಿಯ ವಿಪರೀತ ಕುಡಿತವೂ ಹೃದಯದ ತಾಳ ತಪ್ಪಿಸಬಲ್ಲದು. ‘ಗುಳಿಗೆಯಲ್ಲಿದ್ದೇನೆ’ ಎಂದರೆ ನಮ್ಮವರು ಒತ್ತಾಯಿಸುತ್ತಾರೆ, ‘ಡ್ರೈವ್ ಮಾಡಬೇಕು’ ಎಂದರೆ ಬಿಡುತ್ತಾರೆ. ಬೀಡಿ ಸಿಗರೇಟಿನ ಬಗ್ಗೆ ಹೇಳುವುದೇನೂ ಇಲ್ಲ, ಬಿಡಬೇಕು.

ಹೆಜ್ಜೆ 5: ಮಳೆಗಾಲದ ನಡಿಗೆ

ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ ಎಂದು ಬರೆಯುವವರು ಜುಲೈನಲ್ಲಿ ಭಾಗಮಂಡಲಕ್ಕೆ ಬಂದವರಲ್ಲ. ಬೇಸಿಗೆಯಲ್ಲಿ ಕಾಫಿ ಕಣದ ಸುತ್ತ, ಮಳೆಗಾಲದಲ್ಲಿ ಜಗಲಿಯ ಉದ್ದಕ್ಕೆ ನಡೆಯಿರಿ. ನಮ್ಮ ಜಗಲಿ ಹದಿನೆಂಟು ಹೆಜ್ಜೆ. ಬೇಸರವಾಗುತ್ತದೆ, ರೇಡಿಯೊ ಹಾಕಿಕೊಳ್ಳುತ್ತೇನೆ. ಶಸ್ತ್ರಚಿಕಿತ್ಸೆಯ ಮೊದಲ ಎರಡು ಮೂರು ತಿಂಗಳು ಎದೆಮೂಳೆ ಕೂಡುವವರೆಗೆ ಕಾಫಿ ಚೀಲವನ್ನಂತೂ ಮುಟ್ಟಬೇಡಿ.

ಹೆಜ್ಜೆ 6: ಮರೆವು, ಮಂಕು, ಕಿವಿ

ಆರು ತಿಂಗಳು ಕಳೆದರೂ ಕೂಲಿ ಲೆಕ್ಕ ತಪ್ಪುತ್ತಿದ್ದರೆ, ಗೊತ್ತಿರುವ ತೋಟದ ದಾರಿಯಲ್ಲಿ ಗಲಿಬಿಲಿಯಾದರೆ, ಗುಳಿಗೆ ತಿಂದದ್ದೇ ಮರೆತು ಮತ್ತೆ ತಿಂದರೆ ‘ವಯಸ್ಸಾಯಿತು’ ಎಂದು ಬಿಡಬೇಡಿ. ಸುಲಭವಾಗಿ ಸರಿಪಡಿಸಬಹುದಾದದ್ದನ್ನು ಮೊದಲು ನೋಡಬೇಕು: ಥೈರಾಯ್ಡ್, ಬಿ12 (ಮೆಟ್‌ಫಾರ್ಮಿನ್ ತಿನ್ನುವವರಲ್ಲಿ ಇದು ಇಳಿಯುತ್ತದೆ), ಜೋರು ಗೊರಕೆಯ ನಡುವೆ ಉಸಿರು ನಿಲ್ಲುವುದು, ನಿದ್ದೆಗುಳಿಗೆ. ನೆನಪಿನ ಪರೀಕ್ಷೆ ಇಂಗ್ಲಿಷಿನಲ್ಲೇ ಆಗಬೇಕಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಆದರೆ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ ಅಥವಾ ಎರವ ಮಾತನಾಡುವ ಹಿರಿಯರು ಕನ್ನಡದ ಪರೀಕ್ಷೆಯಲ್ಲಿ ತಡವರಿಸಿದರೆ ಅದೆಲ್ಲವೂ ಮರೆವಲ್ಲ. ಜೊತೆಗೆ ಹೋದವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಬೈಪಾಸ್ ಆದ ಐವರಲ್ಲಿ ಒಬ್ಬರಿಗಾದರೂ ಖಿನ್ನತೆ ಬರುತ್ತದೆ. ನಮ್ಮ ಗಂಡಸರಲ್ಲಿ ಅದು ಅಳುವಾಗಿ ಕಾಣುವುದಿಲ್ಲ, ಆಳುಗಳ ಮೇಲಿನ ಸಿಡುಕಾಗಿ, ಹಾಕಿ ಪಂದ್ಯಕ್ಕೂ ಹೊರಡದ ಸೋಮಾರಿತನವಾಗಿ ಕಾಣುತ್ತದೆ. ಮೊದಲು ಗಮನಿಸುವವಳು ಹೆಂಡತಿ. ವೈದ್ಯರ ಹತ್ತಿರ ಬಾಯಿಬಿಡಲು ಸಂಕೋಚವಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಕರೆಮಾಡಬಹುದು, ಉಚಿತ.

ಕಿವಿಯ ಮಾತು ಹಲವರಿಗೆ ಹೊಸದು. ಮರೆಗುಳಿತನದ ಬಗೆಗಿನ ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದ ತಡೆಯಬಹುದಾದ 14 ಕಾರಣಗಳಲ್ಲಿ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಜೊತೆ ಕಿವುಡೂ ಇದೆ. ಕೋವಿಯ ಸದ್ದಿನಲ್ಲಿ ಬೆಳೆದ ನಾಡಿನಲ್ಲಿ ಎಷ್ಟು ಕಿವಿ ಮಂದವಾಗಿವೆಯೋ. ಕನ್ನಡಕ ಹಾಕಲು ನಾಚದವರು ಕಿವಿಯ ಯಂತ್ರಕ್ಕೆ ನಾಚುತ್ತಾರೆ. ನಾನೂ ಎರಡು ವರ್ಷ ನಾಚಿದೆ.

ಹೆಜ್ಜೆ 7: ದಾರಿಯ ಲೆಕ್ಕ

ಇಷ್ಟೆಲ್ಲ ಮಾಡಿದರೂ ಪಾರ್ಶ್ವವಾಯು ಬರಬಹುದು. ಆಗ ಉಳಿಸುವುದು ಗಡಿಯಾರ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ದೊಡ್ಡ ನಾಳ ಕಟ್ಟಿದ್ದರೆ ತಂತಿ ತೂರಿಸಿ ಹೆಪ್ಪನ್ನು ಹೊರತೆಗೆಯುವ ಚಿಕಿತ್ಸೆಯಿದೆ. ಅದು ಆರು ಗಂಟೆಯೊಳಗಾದರೆ ಒಳ್ಳೆಯದು, ಆಯ್ದ ಕೆಲವರಿಗೆ 24 ಗಂಟೆಯವರೆಗೂ ಸಾಧ್ಯ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋದರೆ ಇನ್ನೂ ಹೆಚ್ಚು. ರೈಲಿಲ್ಲದ ಜಿಲ್ಲೆ ನಮ್ಮದು. ಆದ್ದರಿಂದ ಯೋಜನೆ ಈಗಲೇ ಬೇಕು.

ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸಿ.ಟಿ. ಮಾಡುತ್ತಾರೆ, ಚುಚ್ಚುಮದ್ದು ಎಲ್ಲಿ ಕೊಡುತ್ತಾರೆ, ಹೆಪ್ಪು ತೆಗೆಯುವ ತಂಡ ಎಲ್ಲಿದೆ? ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಮೈಸೂರು, ಮಂಗಳೂರಿನ ಆಸ್ಪತ್ರೆಗಳಲ್ಲೂ ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಕೇಳಿ ಬರೆದಿಟ್ಟುಕೊಳ್ಳಿ. ಎರಡು ದಾರಿ ಬರೆಯಿರಿ. ಭಾಗಮಂಡಲದಲ್ಲಿ ಸಂಗಮ ಉಕ್ಕಿ ಸುತ್ತಲಿನ ರಸ್ತೆ ಮುಳುಗಿದರೆ ಯಾವುದು, ಘಾಟಿಯಲ್ಲಿ ಮಣ್ಣು ಕುಸಿದರೆ ಯಾವುದು? ಕುಟ್ಟದ ಕಡೆಯವರು ನಾಗರಹೊಳೆ ಕಾಡಿನ ರಸ್ತೆಯ ಗೇಟು ರಾತ್ರಿ ಮುಚ್ಚುವುದನ್ನು ಲೆಕ್ಕಕ್ಕೆ ಹಿಡಿಯಲಿ. ಮೊಬೈಲ್ ಸಿಗ್ನಲ್ ಮನೆಯ ಯಾವ ಮೂಲೆಯಲ್ಲಿ ಸಿಗುತ್ತದೆಂದು ಮೊಮ್ಮಕ್ಕಳಿಗೂ ಗೊತ್ತಿರಲಿ. ಜೀಪಿನಲ್ಲಿ ಕತ್ತಿ ಇರಲಿ, ಮರ ಬಿದ್ದಿರುತ್ತದೆ.

ಲಕ್ಷಣಗಳನ್ನು ಮನೆಯವರೆಲ್ಲರೂ ಕಲಿಯಬೇಕು. ನಗಲು ಹೇಳಿ, ಬಾಯಿ ಒಂದು ಕಡೆಗೆ ವಾಲುತ್ತದೆಯೇ? ಎರಡೂ ಕೈ ಎತ್ತಿಸಿ, ಒಂದು ಜಾರುತ್ತದೆಯೇ? ಮನೆಯ ಹೆಸರು ಹೇಳಿಸಿ, ತೊದಲುತ್ತದೆಯೇ? ಇದ್ದಕ್ಕಿದ್ದಂತೆ ಓಲಾಡುವುದು, ಕಣ್ಣು ಕಾಣದಾಗುವುದು ಕೂಡ ಲಕ್ಷಣವೇ. ಒಂದು ಕಂಡರೂ 108ಕ್ಕೆ ಕರೆಮಾಡಿ. ಅದು ಬರಲು ತಡವಾದರೆ ಕಾಯಬೇಡಿ, ಹೊರಡಿ. ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಕಾಗದದಲ್ಲಿ ಬರೆಯಿರಿ. ನಿದ್ದೆಯಿಂದ ಏಳುವಾಗಲೇ ಹಾಗಿದ್ದರೆ, ಮಲಗಿದ ಗಂಟೆ ಬರೆಯಿರಿ. ಹತ್ತು ನಿಮಿಷದಲ್ಲಿ ಸರಿಹೋದರೂ ಹೋಗಲೇಬೇಕು.

ಬಾಯಿಗೆ ನೀರು, ಬ್ರಾಂದಿ, ಗುಳಿಗೆ ಏನನ್ನೂ ಹಾಕಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹೃದಯಾಘಾತಕ್ಕೆ ಕೊಡುವಂತೆ ಆಸ್ಪಿರಿನ್ ಕೊಡಬೇಡಿ, ಮಿದುಳಿನಲ್ಲಿ ಹೆಪ್ಪಿದೆಯೋ ರಕ್ತಸ್ರಾವವಿದೆಯೋ ಸ್ಕ್ಯಾನ್ ಆಗುವವರೆಗೆ ಯಾರಿಗೂ ತಿಳಿಯದು. ಒತ್ತಡ ಇಳಿಸಲು ನಾಲಿಗೆಯಡಿ ಗುಳಿಗೆ ಇಡಬೇಡಿ. ಒಂದು ಮಗ್ಗುಲಿಗೆ ಮಲಗಿಸಿ. ಲಕ್ವಕ್ಕೆ ಎಣ್ಣೆ ತಿಕ್ಕುವವರ ಬಳಿಗೆ ಮೊದಲು ಹೋಗಿ, ಎರಡನೆಯ ದಿನ ಆಸ್ಪತ್ರೆಗೆ ಬಂದ ಇಬ್ಬರನ್ನು ನಮ್ಮ ಊರಿನಲ್ಲೇ ಬಲ್ಲೆ. ಇಬ್ಬರ ಕೈಯೂ ತಿರುಗಿ ಬರಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದದ್ದು ಬೈಪಾಸ್ ಆದ ತಾರೀಕು ಮತ್ತು ಹೆಪ್ಪು ತಡೆಯುವ ಗುಳಿಗೆಯ ಹೆಸರು, ಕೊನೆಯ ಗುಳಿಗೆ ತಿಂದ ಗಂಟೆ. ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಎರಡು ವಾರವಾಗಿರದಿದ್ದರೆ, ಅಥವಾ ಆ ಗುಳಿಗೆ ರಕ್ತದಲ್ಲಿದ್ದರೆ, ಚುಚ್ಚುಮದ್ದು ಕೊಡದೆ ನೇರ ಹೆಪ್ಪು ತೆಗೆಯುವ ಕಡೆಗೆ ಕಳುಹಿಸಬಹುದು. ಈ ವಿವರಗಳ ಒಂದು ಚೀಟಿ ನನ್ನ ಪರ್ಸಿನಲ್ಲಿದೆ, ಇನ್ನೊಂದು ಫ್ರಿಜ್ಜಿನ ಬಾಗಿಲ ಮೇಲಿದೆ.

ಕಳೆದ ಮೇ ತಿಂಗಳಲ್ಲಿ ಮನೆಯವರೆಲ್ಲ ಸೇರಿ ಇದನ್ನು ಒಮ್ಮೆ ಅಭ್ಯಾಸ ಮಾಡಿ ನೋಡಿದೆವು. ನಾನು ಜಗಲಿಯಲ್ಲಿ ಬಾಯಿ ವಾಲಿಸಿಕೊಂಡು ಕುಳಿತೆ, ಹೆಂಡತಿ ಗಡಿಯಾರ ನೋಡಿದಳು. ಮಡಿಕೇರಿ ಮುಟ್ಟಲು ಒಂದು ಗಂಟೆ ಐದು ನಿಮಿಷ ಹಿಡಿಯಿತು. ಅದರಲ್ಲಿ ಹದಿನೇಳು ನಿಮಿಷ ಹೋದದ್ದು ಜೀಪಿನ ಕೀಲಿ ಹುಡುಕಲು. ಕೀಲಿ ಈಗ ಮಳೆ ಪುಸ್ತಕದ ಮೇಲಿನ ಮೊಳೆಯಲ್ಲಿ ತೂಗುತ್ತಿದೆ.